ನೋಟೀಸು ಬಂದ ಪುಟದಲ್ಲಿ ನಿಂತುಹೋದ ಕಾದಂಬರಿ

ಪ್ರಶ್ನೆ: ನನಗೆ 46 ವರ್ಷ, ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಮ್ಮನ ತವರು ಸಾಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿತ್ತು, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆಗ ಅಮ್ಮನಿಗೆ ಒಂಬತ್ತು ವರ್ಷ. ಆ ಹುಡುಗಿಯ ಬಾಯಲ್ಲೇ, ‘ನಾನು’ ಎಂದು ಕಾದಂಬರಿ ಬರೆಯಲು ಕೂತು ಎರಡು ವರ್ಷವಾಯಿತು. 62 ಪುಟ, ಸುಮಾರು 14,000 ಪದ ಆಗಿದೆ. ಮನೆಗೆ ಮುಳುಗಡೆಯ ನೋಟೀಸು ಬರುವಲ್ಲಿಗೆ ಬಂದು ನಿಂತುಹೋಯಿತು. ಎಂಟು ತಿಂಗಳಿಂದ ಒಂದು ಸಾಲೂ ಮುಂದೆ ಹೋಗಿಲ್ಲ, ಮೊದಲ ಹತ್ತು ಪುಟವನ್ನು ಮಾತ್ರ ಏಳು ಸಲ ತಿದ್ದಿದ್ದೇನೆ. ಸ್ಫೂರ್ತಿ ಬತ್ತಿತೇ? ನಾ. ಡಿಸೋಜರು ಮುಳುಗಡೆಯ ಬಗ್ಗೆ ಬರೆದಾದ ಮೇಲೆ ನನಗೆ ಉಳಿದಿರುವುದೇನು? ಭೈರಪ್ಪನವರನ್ನು ಓದಿದ ವಾರ ನನ್ನ ವಾಕ್ಯಗಳೂ ಅವರಂತೆ ಆಗುತ್ತವೆ, ಹಾಗಾಗಿ ಓದುವುದನ್ನೇ ಬಿಟ್ಟಿದ್ದೇನೆ. ಮಾತುಕತೆಯಲ್ಲಿ ನಮ್ಮ ಹವ್ಯಕ ಕನ್ನಡ ಎಷ್ಟು ಬಳಸಬಹುದು? ಸ್ವಯಂ ನಿವೃತ್ತಿ ತೆಗೆದುಕೊಂಡು ಪೂರ್ತಿ ಬರವಣಿಗೆಗೆ ಕೂರಲೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಿವೆ. ಆದರೆ ಕಾದಂಬರಿ ನಿಂತದ್ದೇಕೆ ಎಂಬುದಕ್ಕೆ ಉತ್ತರವನ್ನು ನೀವೇ ಎರಡು ಕಡೆ ಬರೆದಿದ್ದೀರಿ: ಕತೆ ಹೇಳುವವಳಿಗೆ ಒಂಬತ್ತು ವರ್ಷ, ಕತೆ ನಿಂತದ್ದು ನೋಟೀಸು ಬಂದಲ್ಲಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನೋಟೀಸು ಬರುವವರೆಗೆ ನಿಮ್ಮ ಕತೆಯಲ್ಲಿ ಇರುವುದೆಲ್ಲ ಮಗು ಕಣ್ಣಾರೆ ಕಾಣುವಂಥದ್ದು: ಜಗುಲಿ, ಕೊಟ್ಟಿಗೆ, ತೋಟ, ಹೊಳೆ, ಅಜ್ಜಿಯ ಮಡಿಲು. ನೋಟೀಸು ಬಂದ ಮೇಲೆ ಕತೆ ನಡೆಯುವ ಜಾಗವೇ ಬೇರೆ. ತಾಲ್ಲೂಕು ಕಚೇರಿ, ಪರಿಹಾರದ ಲೆಕ್ಕ, ಅಡಿಕೆ ಮರಕ್ಕೆ ಎಷ್ಟು, ಗದ್ದೆಗೆ ಎಷ್ಟು ಎಂಬ ಚೌಕಾಶಿ, ಅಣ್ಣತಮ್ಮಂದಿರ ನಡುವೆ ರಾತ್ರಿ ಬಾಗಿಲು ಹಾಕಿಕೊಂಡು ನಡೆಯುವ ಜಗಳ. ಅಲ್ಲಿಗೆ ಒಂಬತ್ತು ವರ್ಷದ ಹುಡುಗಿಯನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ. ಕತೆ ಹೋಗಬೇಕಾದ ಕಡೆ ಕತೆ ಹೇಳುವವಳು ಹೋಗಲಾರಳು. ನಿಮ್ಮ ಕೈ ಅದನ್ನು ಗ್ರಹಿಸಿ ನಿಂತಿದೆ. ಬತ್ತಿರುವುದು ಏನೂ ಇಲ್ಲ.

ಹಸ್ತಪ್ರತಿ ತಿದ್ದುವ ಕೆಲಸದಲ್ಲಿ ಇದು ಪದೇಪದೇ ಕಾಣುವ ಸಂಗತಿ. ಮೊದಲ ಕಾದಂಬರಿಗಳು ಹೆಚ್ಚಾಗಿ ನಿಲ್ಲುವುದು ಐವತ್ತರಿಂದ ಎಂಬತ್ತನೆಯ ಪುಟದ ನಡುವೆ. ಅಷ್ಟರವರೆಗೆ ಪರಿಸರ, ಮನೆ, ಮಂದಿ ಇವುಗಳ ಪರಿಚಯವೇ ಬರಹವನ್ನು ಎಳೆದುಕೊಂಡು ಹೋಗುತ್ತದೆ. ಪರಿಚಯ ಮುಗಿದ ಕೂಡಲೇ ಆರಂಭದಲ್ಲಿ ಮಾಡದೆ ಬಿಟ್ಟ ಒಂದು ತೀರ್ಮಾನ ಅಡ್ಡ ನಿಲ್ಲುತ್ತದೆ. ಯಾರು ಹೇಳುತ್ತಾರೆ, ಎಷ್ಟು ಕಾಲದ ಕತೆ, ಮುಖ್ಯ ವ್ಯಕ್ತಿಗೆ ಬೇಕಾದದ್ದೇನು, ಇವುಗಳಲ್ಲಿ ಒಂದು. ಬರೆಯುವವರು ಅದಕ್ಕೆ ಸ್ಫೂರ್ತಿಯ ಕೊರತೆ ಎಂದು ಹೆಸರಿಟ್ಟು ಮೊದಲ ಅಧ್ಯಾಯಕ್ಕೆ ಮರಳುತ್ತಾರೆ, ಏಕೆಂದರೆ ಅಲ್ಲಿ ವಾಕ್ಯ ತಿದ್ದಬಹುದು, ತೀರ್ಮಾನ ಮಾಡಬೇಕಾಗಿಲ್ಲ. ನೀವು ಏಳು ಸಲ ತಿದ್ದಿದ ಹತ್ತು ಪುಟಗಳು ಈಗ ಚೆನ್ನಾಗಿಯೇ ಇರಬಹುದು. ಆದರೆ ಕೊನೆ ಬರೆದಾದ ಮೇಲೆ ಮೊದಲ ಅಧ್ಯಾಯ ಹೇಗೂ ಬದಲಾಗುತ್ತದೆ. ಅದಕ್ಕೆ ಈಗ ಕೈ ಹಾಕಬೇಡಿ.

ಸ್ಫೂರ್ತಿ ಎಂಬುದು ಸುಳ್ಳಲ್ಲ. ಅದರ ಕೆಲಸ ಎಷ್ಟು ಎಂಬುದರ ಬಗ್ಗೆ ನಮ್ಮಲ್ಲಿ ತಪ್ಪು ಎಣಿಕೆ ಇದೆ, ಅಷ್ಟೇ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದರು, ‘ಸಂಸ್ಕಾರ’ ಹುಟ್ಟುವುದಕ್ಕೆ ಅದೊಂದು ಕಿಡಿಯಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ಲೇಗಿನ ಕಾಲದ ಯುರೋಪಿನ ಆ ಚಿತ್ರವನ್ನು ಅಂದು ಎಷ್ಟೋ ಜನ ನೋಡಿದ್ದರು. ಕಿಡಿ ತಾಗಿದ್ದು ಮಲೆನಾಡಿನ ಅಗ್ರಹಾರವನ್ನು ಒಳಗೆ ಹೊತ್ತುಕೊಂಡಿದ್ದ ಒಬ್ಬರಿಗೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನದು ಬೇರೆ ದಾರಿ: ಮನೆತನದ ಹಿರಿಯ ವಿಧವೆಯೊಬ್ಬರ ಬದುಕು ಮನೆಯ ಹೆಂಗಸರ ಬಾಯಿಂದ ಬಾಯಿಗೆ ಬಂದು, ಕಾದಂಬರಿಯಾಗಿ 1976ರಲ್ಲಿ ಹೊರಬಂತು. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಲೆಕ್ಕ ಹಾಕಿ, ನಿಮ್ಮದೇ ವಯಸ್ಸು. ಇವರಿಬ್ಬರಿಗೂ ಸ್ಫೂರ್ತಿ ಕೊಟ್ಟದ್ದು ಒಂದು ಚಿತ್ರವನ್ನೋ ಒಂದು ಮುಖವನ್ನೋ ಮಾತ್ರ. ಯಾವ ಅಧ್ಯಾಯದ ಹಿಂದೆ ಯಾವುದು ಬರಬೇಕೆಂದು ಅದು ಹೇಳುವುದಿಲ್ಲ. ಅದನ್ನು ಕೂತು ಯೋಚಿಸಿಯೇ ಕಂಡುಕೊಳ್ಳಬೇಕು.

ಈಗ ದಾರಿಗಳು. ನಿಮಗೆ ನಾಲ್ಕಿವೆ, ಪ್ರತಿಯೊಂದಕ್ಕೂ ತೆರಬೇಕಾದ ಬೆಲೆ ಇದೆ.

ಮೊದಲನೆಯದು, ಹುಡುಗಿಯನ್ನೇ ಉಳಿಸಿಕೊಳ್ಳುವುದು. ದೊಡ್ಡವರ ಲೋಕವೆಲ್ಲ ಅವಳಿಗೆ ತುಂಡುತುಂಡಾಗಿ ಬರಬೇಕು: ಯಾರೋ ನೋಟೀಸನ್ನು ಗಟ್ಟಿಯಾಗಿ ಓದುವುದು, ಅರ್ಥವಾಗದ ಒಂದು ಪದ ಅವಳ ಬಾಯಲ್ಲಿ ಆಟವಾಗುವುದು, ಅಜ್ಜಿ ಆ ದಿನ ಊಟ ಬಿಡುವುದು, ದೊಡ್ಡಪ್ಪನ ಮಕ್ಕಳೊಡನೆ ಆಡಬೇಡ ಎಂದು ಇದ್ದಕ್ಕಿದ್ದಂತೆ ಅಪ್ಪ ಗದರುವುದು. ಪರಿಹಾರದ ಜಗಳವನ್ನು ಓದುಗ ಆ ಗದರಿಕೆಯಿಂದಲೇ ಊಹಿಸಿಕೊಳ್ಳಬೇಕು. ಸಾಧಿಸಿದರೆ ಇದಕ್ಕಿಂತ ತೀವ್ರವಾದ ದಾರಿ ಇಲ್ಲ. ಅಪಾಯ ಎರಡು. ಮಗುವಿನ ಅರಿಯದತನ ನೂರು ಪುಟ ದಾಟಿದರೆ ಮುದ್ದಾಗಿ ಕಾಣಲು ತೊಡಗುತ್ತದೆ, ಓದುಗನಿಗೆ ಬೇಸರ ಬರುತ್ತದೆ. ಮತ್ತೆ, ಅವಸರದಲ್ಲಿ ನೀವೇ ಹುಡುಗಿಯ ಬಾಯಿಗೆ ನಿಮ್ಮ ಮಾತು ತುರುಕುತ್ತೀರಿ. ‘ಅಭಿವೃದ್ಧಿಯ ಹೆಸರಿನಲ್ಲಿ’ ಎಂಬಂಥ ಮಾತು ಅವಳ ವಾಕ್ಯದಲ್ಲಿ ಬಂತೆಂದರೆ ಅಲ್ಲಿಗೆ ಅವಳು ಸತ್ತಳು. ಈ ದಾರಿ ಹಿಡಿದರೆ ಪುಸ್ತಕ ಚಿಕ್ಕದಾಗಿರಲಿ, 25 ರಿಂದ 30 ಸಾವಿರ ಪದ. ಡೆಮಿ ಅಷ್ಟಾಂಶ ಎಂಬ ಸಾಮಾನ್ಯ ಪುಸ್ತಕದ ಅಳತೆಯಲ್ಲಿ ಪುಟಕ್ಕೆ ಸುಮಾರು 230 ಪದ ಹಿಡಿದರೆ 110 ರಿಂದ 130 ಪುಟ. ‘ಕುಸುಮಬಾಲೆ’, ‘ಘಾಚರ್ ಘೋಚರ್’ ಎರಡೂ ತೆಳ್ಳಗಿನ ಪುಸ್ತಕಗಳೇ. ಕಾದಂಬರಿಯೆಂದರೆ ದಪ್ಪಗಿರಬೇಕು ಎಂಬ ಅಂಜಿಕೆ ಬಿಡಿ.

ಎರಡನೆಯದು, ಅದೇ ಹುಡುಗಿ ಎಪ್ಪತ್ತರ ಹೆಂಗಸಾಗಿ ನೆನೆದು ಹೇಳುವುದು. ಆಗ ಅವಳಿಗೆ ಎಲ್ಲವೂ ಗೊತ್ತು, ಕಚೇರಿಯೊಳಗೂ ಹೋಗಬಲ್ಲಳು. ಆದರೆ ‘ಆಗ ನನಗೆ ತಿಳಿದಿರಲಿಲ್ಲ’, ‘ಈಗ ಅನ್ನಿಸುತ್ತದೆ’ ಎಂಬ ಮಾತು ಪುಟಪುಟಕ್ಕೂ ಇಣುಕುತ್ತದೆ. ಎಲ್ಲ ಮುಗಿದುಹೋದದ್ದರ ಹಂಬಲವಾಗಿ ಕತೆ ತೆಳುವಾಗುತ್ತದೆ, ಮುಂದೇನು ಎಂಬ ಕುತೂಹಲ ಸೋರುತ್ತದೆ. ಮುಳುಗಡೆಯ ಹಸ್ತಪ್ರತಿಗಳಲ್ಲಿ ಅತಿ ಹೆಚ್ಚು ಸೋಲುವುದು ಇದೇ ದಾರಿಯಲ್ಲಿ.

ಮೂರನೆಯದು, ‘ನಾನು’ ಬಿಟ್ಟು ‘ಅವಳು’ ಎಂದು ಬರೆಯುವುದು, ಅದೂ ಅಜ್ಜಿಯ ಹೆಗಲ ಹಿಂದೆ ನಿಂತು. ಮುಳುಗಡೆಯ ಕತೆಗೆ ಇನ್ನೊಂದು ಹುಟ್ಟುರೋಗ ಇದೆ, ಅದಕ್ಕೆ ಇದು ಮದ್ದು. ಅಣೆಕಟ್ಟು ಕಟ್ಟುವವರು ಎಲ್ಲೋ ತೀರ್ಮಾನ ಮಾಡಿರುತ್ತಾರೆ, ಊರಿನವರು ಅನುಭವಿಸುತ್ತಾರೆ. ಬರೀ ಅನುಭವಿಸುವ ವ್ಯಕ್ತಿಯ ಮೇಲೆ ಕರುಣೆ ಬರುತ್ತದೆ, ಆದರೆ ಕತೆ ನಡೆಯುವುದಿಲ್ಲ. ಅಜ್ಜಿಗೆ ಒಂದು ಬೇಡಿಕೆ ಕೊಡಿ, ಚಿಕ್ಕದಾದರೂ ಗಟ್ಟಿಯಾದದ್ದು. ಹೆಬ್ಬಾಗಿಲನ್ನೂ ಕಂಬಗಳನ್ನೂ ಬಿಚ್ಚಿ ಹೊಸ ಜಾಗಕ್ಕೆ ಸಾಗಿಸಲೇಬೇಕು ಎಂದು ಅವಳು ಹಟ ಹಿಡಿಯಲಿ. ಮಗ ಅದನ್ನು ಮಾರಬೇಕು ಎನ್ನಲಿ. ಹೊಸ ಜಾಗದಲ್ಲಿ ನೆಟ್ಟ ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ತಿನ್ನುವುದೇನು ಎಂಬುದು ಅವನ ವಾದ. ಇಬ್ಬರೂ ಸರಿ. ಇಬ್ಬರೂ ಸರಿಯಿರುವ ಜಗಳ ಸಿಕ್ಕಿದರೆ ನೂರು ಪುಟ ತಾನಾಗಿ ನಡೆಯುತ್ತದೆ. ಈ ದಾರಿಯ ಬೆಲೆ ಎಂದರೆ 62 ಪುಟವನ್ನೂ ಹೊಸದಾಗಿ ಬರೆಯಬೇಕು. ಕ್ರಿಯಾಪದ ಬದಲಾಯಿಸಿದರೆ ಸಾಲದು, ಮಗು ಕಂಡ ವಿವರಗಳಲ್ಲಿ ಅರ್ಧಕ್ಕರ್ಧ ಅಜ್ಜಿಯ ಕಣ್ಣಿಗೆ ಬೀಳುವುದೇ ಇಲ್ಲ.

ನಾಲ್ಕನೆಯದು ಎರಡು ಕಾಲವನ್ನು ಹೆಣೆಯುವುದು, ಆಗ ಮತ್ತು ಈಗ. ಮೊದಲ ಕಾದಂಬರಿಗೆ ಬೇಡ ಎನ್ನುತ್ತೇನೆ. ಎರಡೆಳೆಯಲ್ಲಿ ಒಂದು ಯಾವಾಗಲೂ ಸಪ್ಪೆಯಾಗುತ್ತದೆ, ಓದುಗ ಅದನ್ನು ಹಾರಿಸಿ ಓದುತ್ತಾನೆ.

ಯಾವುದನ್ನು ಹಿಡಿಯಬೇಕೆಂದು ತಲೆಯಲ್ಲೇ ತೂಗುತ್ತ ಕೂರಬೇಡಿ. ನೋಟೀಸು ಬರುವ ದೃಶ್ಯವನ್ನು ಎರಡು ಸಲ ಬರೆಯಿರಿ: ಒಮ್ಮೆ ಹುಡುಗಿಯ ಬಾಯಲ್ಲಿ, ಒಮ್ಮೆ ಅಜ್ಜಿಯ ಬೆನ್ನಿಗೆ ನಿಂತು. ಒಂದೊಂದೂ 500 ಪದ. ಎರಡು ದಿನ ಮುಚ್ಚಿಟ್ಟು ಆಮೇಲೆ ಗಟ್ಟಿಯಾಗಿ ಓದಿ. ಯಾವುದು ಚೆಂದ ಎಂದು ಕೇಳಿಕೊಳ್ಳಬೇಡಿ. ಯಾವುದನ್ನು ಬರೆದ ಮೇಲೆ ಮುಂದಿನ ದೃಶ್ಯ ಹೊಳೆಯಿತು ಎಂದು ಕೇಳಿಕೊಳ್ಳಿ. ಅದೇ ನಿಮ್ಮ ದಾರಿ.

ಅದಾದ ಮೇಲೆ ಈಗಿರುವ 62 ಪುಟದ ಪ್ರತಿ ದೃಶ್ಯಕ್ಕೂ ಒಂದೊಂದು ಚೀಟಿ ಮಾಡಿ. ಚೀಟಿಯಲ್ಲಿ ಮೂರೇ ಸಾಲು: ಇಲ್ಲಿ ಯಾರಿಗೆ ಏನು ಬೇಕು, ಯಾರು ಅಡ್ಡ, ಕೊನೆಗೆ ಏನು ಬದಲಾಯಿತು. ಮೂರನೆಯ ಸಾಲು ಖಾಲಿ ಉಳಿದ ಚೀಟಿಗಳನ್ನು ಬೇರೆ ಇಡಿ. ಇಪ್ಪತ್ತರಲ್ಲಿ ಹತ್ತು ಹನ್ನೆರಡು ಹಾಗೆ ಉಳಿದರೆ ಗಾಬರಿಯಾಗಬೇಡಿ, ಮೊದಲ ಕರಡಿನಲ್ಲಿ ಅದು ಸಹಜ. ಅವುಗಳಲ್ಲಿರುವ ಒಳ್ಳೆಯ ವಿವರಗಳನ್ನು ಉಳಿದ ದೃಶ್ಯಗಳಿಗೆ ಸಾಗಿಸಿ. ಹೊಳೆಗೆ ಹೋಗುವ ದಾರಿಯ ವರ್ಣನೆ ತಾನೇ ಒಂದು ಅಧ್ಯಾಯ ಆಗಬೇಕಿಲ್ಲ, ಅಪ್ಪ ಮಗಳು ಜಗಳವಾಡುತ್ತ ಆ ದಾರಿಯಲ್ಲಿ ನಡೆದರೆ ಸಾಕು.

ಓದಿನ ವಿಷಯಕ್ಕೆ ಬರುತ್ತೇನೆ. ಬರೆಯುವಾಗ ಓದಬಾರದು ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ, ಅದರಿಂದ ಕೆಡುಕೇ ಹೆಚ್ಚು. ಓದು ನಿಂತ ಮೂರು ತಿಂಗಳಲ್ಲಿ ಪದಸಂಪತ್ತು ಪಾಠಪುಸ್ತಕಕ್ಕೂ ವಾಟ್ಸಾಪಿಗೂ ಇಳಿಯುತ್ತದೆ. ಇನ್ನೊಬ್ಬರ ಧಾಟಿ ಮೈಗಂಟುವುದು ಕಾಯಿಲೆಯಲ್ಲ, ಕಿವಿ ಚುರುಕಾಗಿದೆ ಎಂಬುದರ ಗುರುತು. ಆದರೂ ಕರಡು ಬರೆಯುವ ತಿಂಗಳುಗಳಲ್ಲಿ ಓದನ್ನು ಸ್ವಲ್ಪ ಬದಲಿಸಿಕೊಳ್ಳಿ. ನಿಮ್ಮ ಮೇಲೆ ಬೇಗ ಸವಾರಿ ಮಾಡುವ ಲೇಖಕರನ್ನು ಕರಡು ಮುಗಿದ ಮೇಲೆ ಓದಿ. ಬರೆಯಲು ಕೂರುವ ಮೊದಲು ಹತ್ತು ನಿಮಿಷ ಕವಿತೆಯನ್ನೋ ಜನಪದ ಹಾಡನ್ನೋ ಗಟ್ಟಿಯಾಗಿ ಓದಿ, ಗದ್ಯದ ಧಾಟಿ ಅದರಿಂದ ಅಂಟುವುದಿಲ್ಲ. ಅಂಟಿದ್ದು ಉಳಿದರೂ ಎರಡನೆಯ ಕರಡಿನಲ್ಲಿ ಕಾಣುತ್ತದೆ: ಮೂರು ಪುಟವನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು ಕೇಳಿ, ನಿಮ್ಮ ಅಮ್ಮ ಎಂದೂ ಆಡದ ಮಾತಿನ ಓಟ ಎಲ್ಲೆಲ್ಲಿ ಬಂತೋ ಅಲ್ಲಿ ಗೆರೆ ಎಳೆಯಿರಿ.

ಕಾದಂಬರಿಕಾರರ ಓದು ಸಾಮಾನ್ಯ ಓದಿಗಿಂತ ನಿಧಾನವಾದದ್ದು. ನಿಮ್ಮ ತೊಡಕಿಗೇ ಸಂಬಂಧಿಸಿದ ಪುಸ್ತಕಗಳನ್ನು ತೆಗೆದುಕೊಂಡು ಬಿಚ್ಚಿ ನೋಡಿ. ‘ಮೂಕಜ್ಜಿಯ ಕನಸುಗಳು’ ಹೇಳುವುದು ಮೊಮ್ಮಗ ಸುಬ್ಬರಾಯ, ಕಾಣುವುದು ಅಜ್ಜಿ. ಹೇಳುವವರು ಬೇರೆ ಕಾಣುವವರು ಬೇರೆ ಆದಾಗ ಎಷ್ಟು ಸಿಗುತ್ತದೆ ಎಂದು ಕಾರಂತರಲ್ಲಿ ನೋಡಿ. ‘ಕರ್ವಾಲೊ’ದ ‘ನಾನು’ ಕತೆಯ ನಡುಮಧ್ಯದಲ್ಲಿಲ್ಲ, ಪಕ್ಕದಲ್ಲಿದ್ದಾನೆ. ಅದರಿಂದಲೇ ತೇಜಸ್ವಿ ಮಂದಣ್ಣನಿಗೂ ವಿಜ್ಞಾನಿಗೂ ಜಾಗ ಮಾಡಿಕೊಡುತ್ತಾರೆ. ಹೆಂಗಸಿನ ಒಳಮನಸ್ಸನ್ನು ವಿವರಣೆಯಿಲ್ಲದೆ ತೋರಿಸುವುದನ್ನು ತ್ರಿವೇಣಿಯವರಲ್ಲಿ ಹುಡುಕಿ. ಒಂದು ಅಧ್ಯಾಯ ಆರಿಸಿ, ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ: ಇಲ್ಲಿ ಎಷ್ಟು ಹೊತ್ತು ಕಳೆಯಿತು, ಒಂದು ನಿಮಿಷವೋ ಒಂದು ವರ್ಷವೋ? ಇಲ್ಲಿ ಯಾರ ಕಣ್ಣು? ನಾಲ್ಕು ಪುಟ ಹೀಗೆ ಓದುವುದಕ್ಕೆ ಒಂದು ಸಂಜೆ ಬೇಕಾಗುತ್ತದೆ. ಸುಮ್ಮನೆ ಓದಿದ ನಾನೂರು ಪುಟಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಡಿಸೋಜರ ವಿಷಯ. ಅವರು ಬರೆದಾಗಿದೆ ಎಂಬುದು ನಿಮಗೆ ಬಾಗಿಲು ಮುಚ್ಚಿದಂತಲ್ಲ. ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಯೋಜನೆಯ ಮಗ್ಗುಲಲ್ಲೇ ಇದ್ದು ನೋಡಿದವರು. ‘ದ್ವೀಪ’ದಲ್ಲಿ ನೀರು ಏರುತ್ತಿರುವ ಹೊತ್ತಿನ ಮನೆಯನ್ನು ಬರೆದರು. ನೀವು ಮುಳುಗಿದವರ ಮಗಳು. ನಿಮಗೆ ಸಿಕ್ಕಿರುವುದು ನೀರು ಏರಿದ ಮೇಲಿನ ಅರವತ್ತು ವರ್ಷ: ಸಂತ್ರಸ್ತರ ಜಮೀನಿನ ಹಕ್ಕಿನ ತಕರಾರು ಇನ್ನೂ ಪೂರ್ತಿ ಬಗೆಹರಿಯದ ಅರವತ್ತು ವರ್ಷ. ನೀರು ಇಳಿದ ಬೇಸಿಗೆಯಲ್ಲಿ ಹಳೆಯ ಮಡೆನೂರು ಅಣೆಕಟ್ಟು ಹಿನ್ನೀರಿನಿಂದ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದ ಕಣಿವೆ ಅದು. ದಶಕಗಳ ಕಾಲ ಲಾಂಚಿನಲ್ಲಿ ದಾಟುತ್ತಿದ್ದ ಅಂಬಾರಗೋಡ್ಲು–ಕಳಸವಳ್ಳಿಯ ನಡುವೆ 2025ರಲ್ಲಿ ಸೇತುವೆ ಆಯಿತು. ಇವೆಲ್ಲ ನಿಮ್ಮ ಕಾಲದ ಸಂಗತಿಗಳು. ಈ ಪುಸ್ತಕಕ್ಕೇ ಬೇಕೆಂದಿಲ್ಲ, ಆದರೆ ಬರೆಯುವವಳು ನಿಂತ ನೆಲ ಯಾವುದೆಂದು ಇವು ಹೇಳುತ್ತವೆ.

ವಿವರ ಕಲೆಹಾಕುವ ಕೆಲಸ ಮಾತ್ರ ತಡಮಾಡಬೇಡಿ, ಕಂಡವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಅಮ್ಮನ ಬಳಿ, ಆ ಊರಿನ ಇತರರ ಬಳಿ ಕೂತಾಗ ‘ಆಗ ಏನನ್ನಿಸಿತು’ ಎಂದು ಕೇಳಬೇಡಿ. ಅರವತ್ತು ವರ್ಷದಲ್ಲಿ ಹೇಳಿ ಹೇಳಿ ನಯವಾದ ಉತ್ತರ ಬರುತ್ತದೆ. ವಸ್ತುಗಳ ಬಗ್ಗೆ ಕೇಳಿ. ಕೊನೆಯ ದಿನ ಒಲೆ ಹೊತ್ತಿಸಿದ್ದರೇ? ಏನು ಅಡಿಗೆ? ದೇವರನ್ನು ಯಾರು ಎತ್ತಿಕೊಂಡರು? ದನಗಳನ್ನು ಯಾವ ದಾರಿಯಲ್ಲಿ ಹೊಡೆದುಕೊಂಡು ಹೋದರು? ಅಟ್ಟದ ಮೇಲೆ ಏನು ಉಳಿಯಿತು? ಬೆಕ್ಕು ಬಂತೇ? ಕೇಳಿ ಒಪ್ಪಿಗೆ ಪಡೆದೇ ಧ್ವನಿ ಮುದ್ರಿಸಿಕೊಳ್ಳಿ. ಭೈರಪ್ಪನವರು ‘ಪರ್ವ’ಕ್ಕಾಗಿ ಮಹಾಭಾರತದ ನೆಲವನ್ನೆಲ್ಲ ತಿರುಗಿ ನೋಡಿದರು. ಆದರೆ ಕಂಡದ್ದೆಲ್ಲ ಪುಟದ ಮೇಲೆ ಬರಬೇಕು ಎಂಬ ಆಸೆಗೆ ಬಿದ್ದರೆ ಕಾದಂಬರಿ ವರದಿಯಾಗುತ್ತದೆ. ಹತ್ತು ವಿವರಕ್ಕೆ ಒಂದನ್ನು ಬಳಸಿ. ಮತ್ತೊಂದು ಮಾತು: ಆಸ್ತಿಯ ಜಗಳ ಬರೆಯುವಾಗ ಬಂಧುಗಳು ತಮ್ಮನ್ನು ಗುರುತು ಹಿಡಿಯುತ್ತಾರೆ. ಹೆಸರು ಬದಲಿಸಿದರೆ ಸಾಲದು, ಮಕ್ಕಳ ಸಂಖ್ಯೆ, ಕಸುಬು, ಯಾರು ಹಿರಿಯ ಯಾರು ಕಿರಿಯ ಎಂಬುದನ್ನೂ ಬದಲಿಸಿ. ಬದಲಿಸಲಾಗದ ಒಂದು ಘಟನೆ ಇದ್ದರೆ ಪ್ರಕಟಣೆಗೆ ಮುಂಚೆ ಅಮ್ಮನಿಗೆ ಓದಿ ಹೇಳಿ.

ಹವ್ಯಕ ಕನ್ನಡ ಧಾರಾಳವಾಗಿ ಬರಲಿ, ಮಾತುಕತೆಯಲ್ಲಿ. ‘ಯಂಗೆ ಗೊತ್ತಿಲ್ಲೆ’ ಎಂದು ಅಜ್ಜಿ ಅಂದರೆ ಬೀದರಿನ ಓದುಗರಿಗೂ ಸಂದರ್ಭದಿಂದ ತಿಳಿಯುತ್ತದೆ. ಕಂಸದಲ್ಲಿ ಅರ್ಥ ಕೊಡಬೇಡಿ, ಪುಸ್ತಕದ ಕೊನೆಗೆ ಪದಕೋಶವೂ ಬೇಡ. ಒಂದು ಮಾತು ತಿಳಿಯದೇ ಹೋದರೆ ಕತೆ ಕೆಡುತ್ತದೆ ಎನ್ನುವಲ್ಲಿ, ಎದುರಿನವರ ಉತ್ತರದಿಂದ ಅರ್ಥವಾಗುವಂತೆ ಮಾಡಿ. ‘ಕುಸುಮಬಾಲೆ’ಯಲ್ಲಿ ದೇವನೂರ ಮಹಾದೇವರು ನಿರೂಪಣೆಯನ್ನೂ ಊರ ನುಡಿಯಲ್ಲೇ ಇಟ್ಟರು, ಅದು ಇನ್ನೂ ದೊಡ್ಡ ಹೊಣೆ. ನೀವು ‘ನಾನು’ ಉಳಿಸಿಕೊಂಡರೆ ಈ ಪ್ರಶ್ನೆ ನಿಮಗೂ ಬರುತ್ತದೆ, ಏಕೆಂದರೆ ಒಂಬತ್ತು ವರ್ಷದ ಹವ್ಯಕರ ಹುಡುಗಿ ‘ನಾನು’ ಎನ್ನುವುದಿಲ್ಲ, ‘ಆನು’ ಎನ್ನುತ್ತಾಳೆ. ಪೂರ್ತಿ ಪುಸ್ತಕ ಹಾಗೆ ಬರೆಯಲು ಧೈರ್ಯ ಇದೆಯೇ ಎಂದು ಮೊದಲ 500 ಪದದಲ್ಲೇ ಪರೀಕ್ಷೆ ಮಾಡಿ. ಅರ್ಧಕ್ಕೆ ಬಂದು ಬದಲಿಸುವುದು ಬಲು ಕಷ್ಟ. ಒಂದು ಗುರುತನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಯಾರ ಬಾಯಲ್ಲಿ ಯಾವ ರೂಪ. ತಾಲ್ಲೂಕು ಕಚೇರಿಯ ಗುಮಾಸ್ತನ ಮಾತು ಅಜ್ಜಿಯಂತಿರಬಾರದು, ದೀವರ ಸಮುದಾಯದ ಆಳಿನ ಮಾತು ಇಬ್ಬರಂತೆಯೂ ಇರಬಾರದು.

ಕೆಲಸ ಬಿಡಬೇಡಿ. ಕನ್ನಡದಲ್ಲಿ ಹೊಸಬರ ಕಾದಂಬರಿ ಸಾಮಾನ್ಯವಾಗಿ 500 ರಿಂದ 1,000 ಪ್ರತಿ ಅಚ್ಚಾಗುತ್ತದೆ. ಬೆಲೆ 200 ರೂಪಾಯಿ, ಗೌರವಧನ ಶೇ. 10 ಎಂದುಕೊಂಡರೆ ಸಾವಿರವೂ ಮಾರಿದ ದಿನ ನಿಮಗೆ ಸಿಗುವುದು 20,000 ರೂಪಾಯಿ. ಸಾವಿರ ಮಾರಲು ವರ್ಷಗಳೇ ಬೇಕಾಗಬಹುದು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞರಾಗಿ ದುಡಿಯುತ್ತಲೇ ‘ಶಿಕಾರಿ’ ಬರೆದರು, ಆ ಕಾದಂಬರಿಗೆ ಕಂಪನಿಯ ಲೋಕವೇ ಸರಕಾಯಿತು. ನಿಮಗೆ ದಿನಕ್ಕೆ ಒಂದು ಗಂಟೆ ಸಿಗುತ್ತದೆ ಎಂದುಕೊಳ್ಳೋಣ. ಗಂಟೆಗೆ 300 ಪದ, ವಾರಕ್ಕೆ ಐದು ದಿನ, 1,500 ಪದ. ಈಗಿನ 14,000ದಲ್ಲಿ ಎಂಟು ಸಾವಿರ ಉಳಿಯಿತು ಎನ್ನಿ. 30,000 ಮುಟ್ಟಲು ಹದಿನೈದು ವಾರ. ಪರೀಕ್ಷೆ, ಮೌಲ್ಯಮಾಪನ, ಮದುವೆ ಮುಂಜಿಗಳನ್ನು ಕಳೆದು ಆರು ತಿಂಗಳು ಇಟ್ಟುಕೊಳ್ಳಿ. ಆ ಗಂಟೆ ದಿನವೂ ಒಂದೇ ಹೊತ್ತಿಗಿರಲಿ, ಏಳುವ ಮುಂಚೆ ಮರುದಿನದ ಮೊದಲ ವಾಕ್ಯವನ್ನು ಬರೆದಿಟ್ಟು ಏಳಿ. ಹಿಂದಿನ ದಿನದ ಒಂದು ಪುಟವನ್ನು ಓದಬಹುದು, ತಿದ್ದಬಾರದು.

ಟೈಪು ಮಾಡುವುದಾದರೆ ಮೊದಲಿನಿಂದಲೇ ಯೂನಿಕೋಡಿನಲ್ಲಿ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಿಂದ ಪರಿವರ್ತಿಸುವಾಗ ಅರ್ಕಾವೊತ್ತು ಕೆಡುತ್ತದೆ, ಅನುಸ್ವಾರದ ಜಾಗದಲ್ಲಿ ಸೊನ್ನೆ ಟೈಪಿಸಿದ್ದರೆ ಅದೂ ತೊಂದರೆ, ಆಮೇಲೆ ಪುಟಪುಟ ತಿದ್ದಬೇಕು. ವಾರಕ್ಕೊಮ್ಮೆ ಕಡತವನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ.

ಪ್ರಕಾಶಕರ ಮಾತು ಕರಡು ಮುಗಿದ ಮೇಲೆ. ಈಗ ಹೇಳಬೇಕಾದದ್ದು ಒಂದೇ: ಅಚ್ಚಿನ ಖರ್ಚು ನಿಮ್ಮಿಂದಲೇ ಪಡೆದು, ಪ್ರತಿಗಳನ್ನು ನಿಮ್ಮ ಮನೆಗೇ ಇಳಿಸುವ ಕರಾರಿಗೆ ಆತುರದಲ್ಲಿ ಸಹಿ ಹಾಕಬೇಡಿ. ಎಷ್ಟು ಪ್ರತಿ, ಯಾವ ಅಂಗಡಿಗಳಿಗೆ, ಹಕ್ಕು ಯಾರದು ಎಂಬುದು ಬರಹದಲ್ಲಿ ಇರಲಿ. ಕರಡನ್ನು ಮೊದಲು ಇಬ್ಬರಿಗೆ ಕೊಡಿ, ಒಬ್ಬರು ಆ ಕಣಿವೆ ಬಲ್ಲವರು, ಇನ್ನೊಬ್ಬರು ಮಲೆನಾಡನ್ನೇ ಕಾಣದವರು. ಹೇಗಿದೆ ಎಂದು ಕೇಳಬೇಡಿ, ಎಲ್ಲಿ ಓದು ನಿಲ್ಲಿಸಿ ಎದ್ದು ಹೋದಿರಿ ಎಂದು ಕೇಳಿ. ಇಬ್ಬರೂ ಒಂದೇ ಪುಟ ತೋರಿಸಿದರೆ ಆ ಪುಟದಲ್ಲಲ್ಲ, ಅದಕ್ಕಿಂತ ಹತ್ತು ಪುಟ ಹಿಂದೆ ಹುಡುಕಿ.

ಈ ವಾರಕ್ಕೆ ಕೆಲಸ ಇಷ್ಟು: ನೋಟೀಸಿನ ದೃಶ್ಯ, ಎರಡು ಬಗೆ, ಐನೂರೈನೂರು ಪದ. ಬರೆಯುವ ಮೊದಲು ಅಮ್ಮನನ್ನು ಒಂದು ಮಾತು ಕೇಳಿ, ಆ ಕಾಗದವನ್ನು ಮನೆಯಲ್ಲಿ ಎಲ್ಲಿ ಇಟ್ಟಿದ್ದರು?